ಗುರಿಕಾರ್ತಿ ಏನು ತೊಡಬೇಕು?

ಸಂಕೇಶ್ವರದಿಂದ ಹೆದ್ದಾರಿ ಹಿಡಿದು ಬಡಗಣ ದಿಕ್ಕಿಗೆ ಹೊರಟರೆ, ನಿಪ್ಪಾಣಿ ದಾಟಿ, ತಾಸು-ಒಂದೂವರೆ ತಾಸಿನಲ್ಲಿ ಕೊಲ್ಹಾಪುರ. ಹುಕ್ಕೇರಿ ತಾಲೂಕಿನ ಜನಕ್ಕೆ ಅದು ಪರರಾಜ್ಯವೆಂದು ಅಷ್ಟಾಗಿ ತೋರುವುದಿಲ್ಲ. ಬೀಗತನಕ್ಕೆ, ವ್ಯಾಪಾರಕ್ಕೆ, ಕುಸ್ತಿಯ ಕಣಕ್ಕೆ ಅತ್ತ ಹೋಗಿ ಬರುವುದು ತಲೆತಲಾಂತರದ ವಾಡಿಕೆ. ಆ ಜಿಲ್ಲೆಯ ರಾಧಾನಗರಿ ತಾಲೂಕಿನ ಕಾಂಬಳವಾಡಿ ಎಂಬ ಹಳ್ಳಿಯ ಸ್ವಪ್ನಿಲ್ ಕುಸಾಳೆಯವರು 2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ ಕೂಟದಲ್ಲಿ, 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ, ಕಂಚಿನ ಪದಕ ಗೆದ್ದಾಗ ನೆರೆಯ ನಮ್ಮ ಊರುಗಳಲ್ಲಿಯೂ ಹೆಮ್ಮೆ ಮೂಡಿದುದು ಸಹಜವೇ. ರೈಲ್ವೆ ಇಲಾಖೆಯ ಟಿಕೆಟ್ ತಪಾಸಣೆಯ ನೌಕರಿಯಲ್ಲಿದ್ದ ಆ ತರುಣರಿಗಿಂತ ಮೊದಲು ಆ ಸ್ಪರ್ಧೆಯಲ್ಲಿ ಯಾವ ಭಾರತೀಯರೂ ಒಲಿಂಪಿಕ್ ಪದಕ ಪಡೆದಿರಲಿಲ್ಲ.

ಪತ್ರಿಕೆಗಳಲ್ಲಿ ಬಂದ ಅವರ ಚಿತ್ರವನ್ನು ನೆನಪಿಸಿಕೊಳ್ಳಿರಿ. ಫ್ರಾನ್ಸ್ ದೇಶದಲ್ಲಿ ಅದು ಬೇಸಗೆಯ ಕಾಲ. ಆದರೂ ಮೈಮೇಲೆ ಹಲಗೆಯಂತೆ ಸೆಟೆದ ದಪ್ಪನೆಯ ಅಂಗಿ, ಅದಕ್ಕೆ ತಕ್ಕ ದಪ್ಪನೆಯ ಷರಾಯಿ, ಅಡಿ ಚಪ್ಪಟೆಯಾದ ವಿಚಿತ್ರ ಬೂಟು. ಈ ವೇಷವೇಕೆ? ಕಣ್ಣು ನೆಟ್ಟು, ಉಸಿರು ಹಿಡಿದು, ಗುರಿ ಹೊಡೆಯುವವನಿಗೆ ಬಟ್ಟೆಯಿಂದ ಆಗಬೇಕಾದುದೇನು? ಪತ್ರಿಕೆಗಳು ಇಂದು ‘ಶೂಟರ್’ ಎಂದು ಕರೆಯುವ ಗುರಿಕಾರರ ಉಡುಪಿನ ವಿಷಯವನ್ನೇ ಈ ವಾರ ನಮ್ಮ ಓದುಗರ ಮುಂದಿಡಬೇಕೆಂದಿದ್ದೇವೆ.

ಇದು ಬರಿಯ ಕುತೂಹಲದ ವಿಷಯವಲ್ಲ. ಕೊಲ್ಹಾಪುರದ ತೇಜಸ್ವಿನಿ ಸಾವಂತರು 2010ರಲ್ಲಿ ಮ್ಯೂನಿಕ್ ನಗರದಲ್ಲಿ ಮಲಗಿ ಹೊಡೆಯುವ 50 ಮೀಟರ್ ರೈಫಲ್ ಸ್ಪರ್ಧೆಯ ವಿಶ್ವವಿಜೇತೆಯಾದರು. ಅದೇ ಊರಿನ ರಾಹಿ ಸರ್ನೋಬತರು 2018ರ ಏಷ್ಯನ್ ಕೂಟದಲ್ಲಿ 25 ಮೀಟರ್ ಪಿಸ್ತೂಲಿನಲ್ಲಿ ಚಿನ್ನ ಗೆದ್ದರು. ನಮ್ಮ ಕರ್ನಾಟಕದವರೇ ಆದ ದಿವ್ಯಾ ಟಿ. ಎಸ್. ಅವರು 2023ರಲ್ಲಿ ಹಾಂಗ್‌ಝೌ ಏಷ್ಯನ್ ಕೂಟದಿಂದ ಬೆಳ್ಳಿಯ ಪದಕಗಳನ್ನು ತಂದರು. ಬೆಂಗಳೂರಿನ ತಿಲೋತ್ತಮಾ ಸೇನರು ಇನ್ನೂ ಹದಿಹರೆಯದಲ್ಲಿರುವಾಗಲೇ, ಅದೇ ವರ್ಷ, ಏಷ್ಯನ್ ಚಾಂಪಿಯನ್‌ಶಿಪ್ಪಿನಲ್ಲಿ ಏರ್ ರೈಫಲಿನ ಬೆಳ್ಳಿ ಪಡೆದರು. ಹೀಗಿರುವಾಗ ಗೋಕಾಕದಲ್ಲಿಯೋ ಮೂಡಲಗಿಯಲ್ಲಿಯೋ ಹುಕ್ಕೇರಿಯಲ್ಲಿಯೋ ಎನ್.ಸಿ.ಸಿ. ಶಿಬಿರ ಮುಗಿಸಿ ಬಂದ ಹುಡುಗಿಯೊಬ್ಬಳು, “ಅವ್ವಾ, ನಾನೂ ಗುರಿ ಹೊಡೆಯುವುದನ್ನು ಕಲಿಯುತ್ತೇನೆ” ಎಂದರೆ ಅದು ಆಶ್ಚರ್ಯದ ಮಾತಾಗಲಾರದು. ಆಗ ತಾಯಿಯ ಬಾಯಿಂದ ಬರುವ ಮೊದಲನೆಯ ಪ್ರಶ್ನೆ ಬಂದೂಕಿನದಲ್ಲ. “ಅಲ್ಲಿ ಏನು ಹಾಕಿಕೋಬೇಕಾಗ್ತದ, ಮಗಳೆ?” ಎಂಬುದೇ ಮೊದಲನೆಯ ಪ್ರಶ್ನೆ. ಆ ಪ್ರಶ್ನೆಗೆ ಉತ್ತರ ದೊರೆಯದೆ ಎಷ್ಟೋ ಮನೆಗಳಲ್ಲಿ ಮಾತು ಅಲ್ಲಿಗೇ ನಿಂತುಹೋಗುತ್ತದೆ. ಓಟಕ್ಕೂ ಈಜಿಗೂ ಇದೇ ಗತಿ. ಆದುದರಿಂದ ಉತ್ತರವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

ಆಟಕ್ಕೊಂದು ಉಡುಪು ಎಂಬುದು ನಮ್ಮ ನಾಡಿಗೆ ಹೊಸತಲ್ಲ. ಗರಡಿಮನೆಗೆ ಹೋಗಿ ನೋಡಿರಿ. ಹೊರಗೆ ರುಮಾಲು, ಧೋತರ, ತುಂಬು ತೋಳಿನ ಅಂಗಿ ತೊಟ್ಟು ಗಂಭೀರವಾಗಿ ನಡೆಯುವ ಪೈಲವಾನನು ಕೆಂಪು ಮಣ್ಣಿಗೆ ಇಳಿದೊಡನೆ ಲಂಗೋಟಿಗೆ ಬರುತ್ತಾನೆ. ಅದನ್ನು ಯಾರೂ ನಾಚಿಕೆಗೇಡೆನ್ನುವುದಿಲ್ಲ. ಸಡಿಲ ಬಟ್ಟೆ ಇದ್ದರೆ ಎದುರಾಳಿಯು ಮೈಯ ಬದಲು ಬಟ್ಟೆಯನ್ನು ಹಿಡಿದು ಕೆಡವಿಯಾನು. ಆಗ ಗೆದ್ದದ್ದು ಬಲವೋ ಬಟ್ಟೆಯೋ ತಿಳಿಯದು. ಲಂಗೋಟಿಯ ಕಾರಣವು ಹೀಗೆ ಆಟದ ಒಳಗೇ ಇದೆ. ಗುರಿಕಾರನ ಅಂಗಿಯನ್ನೂ ಇದೇ ಕಣ್ಣಿನಿಂದ ನೋಡಬೇಕು. ಅಲ್ಲಿ ಬಟ್ಟೆ ಕಡಿಮೆಯಾಗುವ ಬದಲು ಹೆಚ್ಚಾಗುತ್ತದೆ, ಅಷ್ಟೇ.

ಹತ್ತು ಮೀಟರ್ ದೂರದ ಏರ್ ರೈಫಲ್ ಸ್ಪರ್ಧೆಯಲ್ಲಿ ಗುರಿಹಲಗೆಯ ನಟ್ಟನಡುವಿನ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್; ಸೂಜಿಯ ಮೊನೆಯಿಂದ ಇಟ್ಟ ಬೊಟ್ಟಿನಷ್ಟು. ರೈಫಲಿನ ತೂಕ ಐದೂವರೆ ಕಿಲೋಗ್ರಾಂವರೆಗೂ ಇರಬಹುದು. ಅದನ್ನು ಎತ್ತಿ ಹಿಡಿದು, ಎಡಮೊಣಕೈಯನ್ನು ಸೊಂಟದ ಎಲುಬಿಗೆ ಆನಿಸಿ, ಬೆನ್ನನ್ನು ಹಿಂದಕ್ಕೆ ಬಾಗಿಸಿ ನಿಂತು, ಅರುವತ್ತು ಬಾರಿ ಹೊಡೆಯಬೇಕು. ಎದೆಯ ಬಡಿತವೊಂದು ಕೈಗೆ ತಾಕಿದರೂ ನಳಿಗೆ ಅಲುಗುತ್ತದೆ. ವರ್ಷಗಟ್ಟಲೆ ಹೀಗೆ ನಿಂತರೆ ಬೆನ್ನೆಲುಬಿಗೆ ಪೆಟ್ಟು. ಕ್ಯಾನ್ವಾಸು, ತೊಗಲುಗಳಿಂದ ಹೊಲಿದ ದಪ್ಪ ಅಂಗಿಯು ಬೆನ್ನಿಗೆ ಆಸರೆ ಕೊಡುತ್ತದೆ, ಎದೆಬಡಿತದ ಅದಿರನ್ನು ತಡೆಯುತ್ತದೆ, ರೈಫಲಿನ ಹಿಡಿ ಭುಜದಿಂದ ಜಾರದಂತೆ ಕಾಯುತ್ತದೆ.

ಆದರೆ ಇಲ್ಲಿಯೇ ಒಂದು ತೊಡಕು ಹುಟ್ಟುತ್ತದೆ. ಆಸರೆ ಕೊಡುವ ಅಂಗಿ ಎಷ್ಟು ಆಸರೆ ಕೊಡಬಹುದು? ಮರದ ಪೆಟ್ಟಿಗೆಯಂಥ ಅಂಗಿಯನ್ನು ಹೊಲಿಸಿಕೊಂಡು ಅದರೊಳಗೆ ಸುಮ್ಮನೆ ನಿಂತುಬಿಟ್ಟರೆ ಗುರಿ ಹೊಡೆದದ್ದು ಮನುಷ್ಯನೋ, ಸಿಂಪಿಗನೋ? ಹಣವಿದ್ದವನು ಗೆಲುವನ್ನು ಹೊಲಿಸಿಕೊಳ್ಳಬಹುದಾದರೆ ಸ್ಪರ್ಧೆಗೆ ಅರ್ಥವೇನು? ಈ ಕಾರಣದಿಂದಲೇ ಅಂತರರಾಷ್ಟ್ರೀಯ ಗುರಿ ಹೊಡೆಯುವ ಸಂಸ್ಥೆಯವರು ಅಂಗಿಗೆ ಅಳತೆಗಳನ್ನು ವಿಧಿಸಿದ್ದಾರೆ. ಪ್ಯಾರಿಸ್ ಕೂಟದ ಕಾಲದ ನಿಯಮಪುಸ್ತಕವನ್ನು ತೆರೆದರೆ ಅದು ಬಟ್ಟೆಯಂಗಡಿಯ ದಫ್ತರದಂತೆ ತೋರುತ್ತದೆ.

ರೈಫಲಿನ ಅಂಗಿಯ ಬಟ್ಟೆ ಒಂದು ಪದರಿಗೆ ಎರಡೂವರೆ ಮಿಲಿಮೀಟರ್, ಎರಡು ಪದರು ಸೇರಿ ಐದು ಮಿಲಿಮೀಟರ್ ಮೀರಕೂಡದು. ದಪ್ಪವೊಂದನ್ನೇ ಅಳೆದರೆ ಸಾಲದೆಂದು ಸೆಟೆತವನ್ನೂ ಅಳೆಯುತ್ತಾರೆ. ಬಟ್ಟೆಯ ಮೇಲೆ ಒಂದು ಕಿಲೋಗ್ರಾಂ ಭಾರ ಇಟ್ಟಾಗ ಅದು ಕನಿಷ್ಠ ಮೂರು ಮಿಲಿಮೀಟರಿನಷ್ಟಾದರೂ ತಗ್ಗಬೇಕು. ತಗ್ಗದಿದ್ದರೆ ಅಂಗಿ ತಿರಸ್ಕೃತ. ಅಂಗಿಯು ಮೈಗೆ ಬಿಗಿದು ಕಟ್ಟಿದಂತಿರಬಾರದು: ಗುಂಡಿ ಹಾಕಿದ ಮೇಲೂ ಒಂದು ಅಂಚು ಇನ್ನೊಂದರ ಮೇಲೆ ಏಳು ಸೆಂಟಿಮೀಟರಿನಷ್ಟು ಬರುವಂತೆ ಸಡಿಲವಿರಬೇಕು. ಪಟ್ಟಿ ಎಳೆದು ಬಿಗಿಮಾಡುವ ಉಪಾಯಗಳಿಗೆ ಅವಕಾಶವಿಲ್ಲ. ಕೈಗವಸಿನ ದಪ್ಪ ಹನ್ನೆರಡು ಮಿಲಿಮೀಟರ್ ದಾಟಕೂಡದು. ಬೂಟಿನ ಅಟ್ಟೆ ಒಂದು ಸೆಂಟಿಮೀಟರಿಗಿಂತ ದಪ್ಪವಿರಬಾರದು. ಅದು ಬಾಗಬೇಕು, ಎಷ್ಟು ಬಾಗಬೇಕೆಂಬುದಕ್ಕೂ ಲೆಕ್ಕವುಂಟು. ಗುರಿಯ ಕಣದಲ್ಲಿ ಬಾತುಕೋಳಿಯಂತೆ ಹೆಜ್ಜೆ ಹಾಕದೆ, ಮೊದಲು ಹಿಮ್ಮಡಿ ಆಮೇಲೆ ಬೆರಳು ಊರಿ, ಮನುಷ್ಯರಂತೆ ನಡೆಯಬೇಕೆಂಬ ವಿಧಿಯೂ ಇದೆ! ಒಂದು ಚಾಂಪಿಯನ್‌ಶಿಪ್ಪಿನ ರೈಫಲ್ ಸ್ಪರ್ಧೆಗಳಿಗೆಲ್ಲ ಒಬ್ಬರಿಗೆ ಒಂದೇ ಅಂಗಿ, ಒಂದೇ ಷರಾಯಿ, ಒಂದೇ ಜೊತೆ ಬೂಟು. ಸ್ಪರ್ಧೆ ಮುಗಿದ ಮೇಲೂ ಕೆಲವರನ್ನು ಆರಿಸಿ ಮತ್ತೆ ಅಳೆಯುತ್ತಾರೆ. ಅಳತೆ ತಪ್ಪಿದರೆ ಹೊಡೆದ ಗುರಿಯೆಲ್ಲ ನೀರಿನಲ್ಲಿ ಹೋಮ.

ಗೋಕಾಕದ ಜನಕ್ಕೆ ಬಟ್ಟೆಯ ಗುಣವನ್ನು ಬೇರೆಯವರು ತಿಳಿಸಿಕೊಡಬೇಕಾಗಿಲ್ಲ. ಘಟಪ್ರಭೆಯ ಜಲಪಾತದ ಬಳಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಗಿರಣಿ ತಲೆಯೆತ್ತಿ, ಬೀಳುವ ನೀರಿನ ಬಲದಿಂದ ನೂಲು ತೆಗೆದ ಊರು ಅದು. ನೂಲಿನ ಎಳೆಗೆ ನಂಬರು ಹಾಕಿ ಅಳೆಯುವುದು ಅಲ್ಲಿಯ ತಂದೆ-ತಾತಂದಿರ ಕಸುಬು. ಅಂಥ ಮನೆಯ ಹಿರಿಯರಿಗೆ ಗುರಿಕಾರನ ಅಂಗಿಯ ನಿಯಮ ಹೇಳಿದರೆ ಥಟ್ಟನೆ ಒಪ್ಪಿಯಾರು: “ಅಳತೆಗೆ ಸಿಗುವ ನಿಯಮ ಒಳ್ಳೆಯ ನಿಯಮ. ಅದು ಯಾರ ಮುಖವನ್ನೂ ನೋಡುವುದಿಲ್ಲ.”

ಪಿಸ್ತೂಲಿನ ಕಡೆಗೆ ಬಂದರೆ ಕಥೆಯೇ ಬೇರೆ. ಒಂದೇ ಕೈಯಲ್ಲಿ, ಯಾವ ಆಸರೆಯೂ ಇಲ್ಲದೆ, ತೋಳು ಚಾಚಿ ಹೊಡೆಯುವ ವಿದ್ಯೆ ಅದು. ಅದಕ್ಕೆ ದಪ್ಪ ಅಂಗಿಯೂ ಬೇಡ, ವಿಶೇಷ ಷರಾಯಿಯೂ ಬೇಡ. ಮಣಿಕಟ್ಟು ಮಾತ್ರ ಎಲ್ಲರಿಗೂ ಕಾಣುವಂತೆ ಬಿಡಿಯಾಗಿರಬೇಕು. ಪಿಸ್ತೂಲು ಹಿಡಿದ ಕೈಯಲ್ಲಿ ಗಡಿಯಾರವಾಗಲಿ, ಕಡಗವಾಗಲಿ, ಪಟ್ಟಿಯಾಗಲಿ ಇರಕೂಡದು. ಕಾಲಿನ ಬೂಟು ಹರಡಿನ ಎಲುಬನ್ನು ಮುಚ್ಚುವಷ್ಟು ಎತ್ತರವಿರಬಾರದು. ಕಾರಣ ಒಂದೇ: ಮಣಿಕಟ್ಟಿಗೂ ಹರಡಿಗೂ ಹೊರಗಿನ ಬಲ ದೊರೆಯಬಾರದು.

ಇಲ್ಲಿ ನಮ್ಮ ತಾಯಂದಿರು ಒಂದು ಕ್ಷಣ ನಿಲ್ಲುತ್ತಾರೆಂದು ಬಲ್ಲೆವು. “ಹಾಗಾದರೆ ಬಳೆ?” ಹೌದು, ಆ ಕೈಯ ಬಳೆ ತೆಗೆಯಬೇಕು. ಹುಕ್ಕೇರಿಯ ಸಂತೆಯಲ್ಲಿ ಬಳೆಗಾರನ ಮುಂದೆ ಕುಳಿತು ಕೈತುಂಬ ಹಸಿರು ಗಾಜಿನ ಬಳೆ ಇಡಿಸಿಕೊಳ್ಳುವ ನಾಡಿನಲ್ಲಿ ‘ಬಳೆ ತೆಗೆ’ ಎಂಬ ಮಾತು ಕಿವಿಗೆ ಹಿತವಲ್ಲ. ಅಶುಭವೆಂದು ಕೂಡ ಅನಿಸೀತು. ಆದರೆ ಈ ನಿಯಮ ಬಳೆಯನ್ನು ಹೆಣ್ಣಿನ ಗುರುತೆಂದು ದೂರವಿಡುತ್ತಿಲ್ಲ. ಗಂಡಸಿನ ಕೈಯ ಗಡಿಯಾರಕ್ಕೆ ಹೇಗೋ ಹೆಂಗಸಿನ ಬಳೆಗೂ ಹಾಗೆಯೇ. ಇನ್ನೊಂದು ಕೈಯ ಬಳೆಯ ವಿಷಯದಲ್ಲಿ ಅದಕ್ಕೆ ತಕರಾರಿಲ್ಲ. ಎಡಗೈಯಲ್ಲಿ ಬಳೆ, ಬಲಗೈಯಲ್ಲಿ ಪಿಸ್ತೂಲು: ನಮ್ಮ ಹುಡುಗಿಯೊಬ್ಬಳು ಹಾಗೆ ನಿಂತರೆ ನಿಯಮಕ್ಕೂ ಭಂಗವಿಲ್ಲ, ಅಜ್ಜಿಯ ಮನಸ್ಸಿಗೂ ನೋವಿಲ್ಲ.

ಹಾರುವ ಮಣ್ಣಿನ ಬಿಲ್ಲೆಯನ್ನು ಹೊಡೆಯುವ ಸ್ಕೀಟ್ ಎಂಬ ಸ್ಪರ್ಧೆಯಲ್ಲಿಯಂತೂ ಉಡುಪೇ ಅಳತೆಗೋಲಾಗುತ್ತದೆ. ಅಂಗಿಯ ಪಕ್ಕಕ್ಕೆ ಇಪ್ಪತ್ತೈದು ಸೆಂಟಿಮೀಟರ್ ಉದ್ದ, ಮೂರು ಸೆಂಟಿಮೀಟರ್ ಅಗಲದ ಹಳದಿ ಪಟ್ಟಿಯನ್ನು ಕಪ್ಪು ಅಂಚಿನೊಡನೆ ಹೊಲಿದಿರುತ್ತಾರೆ. ಬಿಲ್ಲೆ ಕಣ್ಣಿಗೆ ಬೀಳುವವರೆಗೆ ಬಂದೂಕಿನ ಹಿಡಿಯು ಆ ಗೆರೆಯ ಮೇಲೆ ಅಥವಾ ಅದಕ್ಕಿಂತ ಕೆಳಗೆ ಇರತಕ್ಕದ್ದು. ಮುಂಚಿತವಾಗಿ ಭುಜಕ್ಕೇರಿಸಿ ಕಾಯುವ ಜಾಣತನಕ್ಕೆ ಒಂದು ತುಂಡು ಬಟ್ಟೆ ಕಡಿವಾಣ ಹಾಕುತ್ತದೆ.

ಇಲ್ಲಿಯವರೆಗೆ ಹೇಳಿದುದು ಒಂದು ಬಗೆಯ ನಿಯಮ. ಅದು ಆಟದ ನ್ಯಾಯಕ್ಕಾಗಿ ಹುಟ್ಟಿದುದು. ಯಂತ್ರದಿಂದ ಅಳೆಯಬಹುದು, ಗಂಡಿಗೂ ಹೆಣ್ಣಿಗೂ, ಸಿರಿವಂತರಿಗೂ ಬಡವರಿಗೂ ಒಂದೇ. ಹಿಂದೆ ಒಲಿಂಪಿಕ್ ಕೂಟದಲ್ಲಿ ಗಂಡಸರೂ ಹೆಂಗಸರೂ ಒಂದೇ ಸ್ಪರ್ಧೆಯಲ್ಲಿ ಗುರಿ ಹೊಡೆಯುತ್ತಿದ್ದ ಕಾಲವಿತ್ತು. 1976ರ ಮಾಂಟ್ರಿಯಲ್ ಕೂಟದಲ್ಲಿ ಅಮೆರಿಕದ ಮಾರ್ಗರೆಟ್ ಮರ್ಡಾಕ್ ಎಂಬಾಕೆ ತನ್ನ ದೇಶದವನೇ ಆದ ಲ್ಯಾನಿ ಬ್ಯಾಶಮ್ ಅವರಿಗೆ ಸರಿಸಮನಾದ ಅಂಕ ಗಳಿಸಿದರು. ನಿಯಮದ ಸೂಕ್ಷ್ಮದಿಂದ ಚಿನ್ನ ಆತನಿಗೆ ಹೋಯಿತು. ರಾಷ್ಟ್ರಗೀತೆ ಮೊಳಗುವಾಗ ಆತನು ಆಕೆಯನ್ನು ಕೈಹಿಡಿದು ಮೇಲಿನ ಮೆಟ್ಟಿಲಿಗೆ ಹತ್ತಿಸಿಕೊಂಡು ಪಕ್ಕದಲ್ಲಿಯೇ ನಿಲ್ಲಿಸಿಕೊಂಡನು. ಹೆಂಗಸರಿಗೆಂದೇ ಪ್ರತ್ಯೇಕ ಸ್ಪರ್ಧೆಗಳು ಬಂದುದು 1984ರ ಲಾಸ್ ಏಂಜಲೀಸ್ ಕೂಟದಲ್ಲಿ.

ಎರಡನೆಯ ಬಗೆಯ ನಿಯಮವು ಮರ್ಯಾದೆಗೆ ಸಂಬಂಧಿಸಿದುದು. ಜನರೆದುರು ನಡೆಯುವ ಕ್ರೀಡೆಗೆ ಒಪ್ಪುವಂತೆ ಉಡುಪಿರಬೇಕೆಂಬುದು ಅದರ ಸಾರ. ನೀಲಿ ಜೀನ್ಸ್ ಸಲ್ಲದು; ಸೈನಿಕರ ಕಾಡುಬಣ್ಣದ ಬಟ್ಟೆ ಸಲ್ಲದು; ತೋಳಿಲ್ಲದ ಅಂಗಿ, ಹರಕಲು ತೇಪೆಯ ಷರಾಯಿ, ಅಸಭ್ಯ ಬರಹವುಳ್ಳ ಬಟ್ಟೆ, ಚಪ್ಪಲಿಯಂಥ ಪಾದರಕ್ಷೆ ಇವೂ ಸಲ್ಲವು. ಚೊಣ್ಣ ತೊಟ್ಟರೆ ಅದರ ಅಂಚು ಮೊಣಕಾಲಿನ ನಡುವಿನಿಂದ ಹದಿನೈದು ಸೆಂಟಿಮೀಟರಿಗಿಂತ ಮೇಲೆ ಹೋಗಬಾರದು. ಪದಕ ಸ್ವೀಕರಿಸುವಾಗ ದೇಶದ ಸಮವಸ್ತ್ರ ಕಡ್ಡಾಯ. ಇವುಗಳಲ್ಲಿ ಕೆಲವನ್ನು ಹಳೆಯ ಕಾಲದ ಮಡಿವಂತಿಕೆಯೆಂದು ಇಂದಿನ ತರುಣರು ನಕ್ಕಾರು. ಆದರೆ ಕಾಡುಬಣ್ಣದ ಬಟ್ಟೆ ಬೇಡವೆಂಬುದರಲ್ಲಿ ಒಂದು ವಿವೇಕವುಂಟು: ಕೈಯಲ್ಲಿ ಬಂದೂಕಿರುವವರು ಯುದ್ಧದ ವೇಷವನ್ನೂ ತೊಟ್ಟರೆ, ಆಟವೆಲ್ಲಿ ಮುಗಿದು ಬೇರೆಯದು ಎಲ್ಲಿ ಮೊದಲಾಯಿತೆಂಬ ಗೆರೆ ಮಸುಕಾಗುತ್ತದೆ. ಇವು ಗಂಡಸರಿಗೂ ಅಷ್ಟೇ ಅನ್ವಯಿಸುತ್ತವೆಂಬುದನ್ನು ಮರೆಯಬಾರದು. ಶಾಲೆಯ ಸಮವಸ್ತ್ರಕ್ಕೆ ಒಗ್ಗಿದ ನಮ್ಮ ಮಕ್ಕಳಿಗೆ ಇದು ಹೊರೆಯಲ್ಲ.

ಮರ್ಯಾದೆಯ ಉಡುಪು ಎಷ್ಟು ಸೊಗಸಾಗಿರಬಲ್ಲುದೆಂಬುದನ್ನು ನೋಡಬೇಕಾದರೆ ಕೊಡಗಿಗೆ ಹೋಗಬೇಕು. ಪ್ರತಿ ವರ್ಷ ಸೆಪ್ಟೆಂಬರ್ ತಿಂಗಳ ಮೊದಲಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಕೊಡವರು ಆಯುಧಗಳನ್ನು ಪೂಜಿಸಿ, ತರುವಾಯ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ ನಡೆಸುತ್ತಾರೆ. ಕುಪ್ಯ ತೊಟ್ಟು, ಸೊಂಟಕ್ಕೆ ಕೆಂಪು ಚೇಲೆ ಬಿಗಿದು, ಅದರಲ್ಲಿ ಪೀಚೆಕತ್ತಿ ಸಿಕ್ಕಿಸಿ ಹಿರಿಯರು ನಿಂತಿರುವ ನೋಟ ಕಣ್ಣಿಗೆ ಹಬ್ಬವೇ ಸರಿ. ಆ ಉಡುಪನ್ನು ಅವರಿಗೆ ಹೊರಗಿನವರು ಯಾರೂ ವಿಧಿಸಿದ್ದಲ್ಲ. ತಮ್ಮದೆಂಬ ಅಭಿಮಾನದಿಂದ ತಾವಾಗಿ ತೊಟ್ಟದ್ದು.

ತಾವಾಗಿ ತೊಟ್ಟದ್ದು ಎಂಬ ಈ ಮಾತಿನಿಂದಲೇ ಮೂರನೆಯ ಬಗೆಯ ನಿಯಮಕ್ಕೆ ಬರುತ್ತೇವೆ. ನಿಜವಾದ ಕಗ್ಗಂಟು ಇಲ್ಲಿಯೇ ಇದೆ.

2016ರ ಡಿಸೆಂಬರಿನಲ್ಲಿ ಏಷ್ಯನ್ ಏರ್‌ಗನ್ ಚಾಂಪಿಯನ್‌ಶಿಪ್ ಇರಾನಿನ ರಾಜಧಾನಿ ತೆಹರಾನಿನಲ್ಲಿ ನಡೆಯುವುದೆಂದು ಗೊತ್ತಾಗಿತ್ತು. 1979ರ ಕ್ರಾಂತಿಯ ತರುವಾಯ ಆ ದೇಶದಲ್ಲಿ ಹೆಂಗಸರು ಹೊರಗೆ ತಲೆಗೂದಲನ್ನು ಮುಚ್ಚಿಕೊಳ್ಳಬೇಕೆಂಬ ಕಟ್ಟಳೆ ಬಂದಿತು. ಚಾಂಪಿಯನ್‌ಶಿಪ್ಪಿಗೆ ಬರುವ ಪರದೇಶದ ಗುರಿಕಾರ್ತಿಯರಿಗೂ ಅದು ಅನ್ವಯಿಸುವುದೆಂದು ತಿಳಿಸಲಾಯಿತು. ಆಗ ನಮ್ಮ ದೇಶದ ಹೀನಾ ಸಿಧು ಅವರು ತಾವು ಹೋಗುವುದಿಲ್ಲವೆಂದು ಅಕ್ಟೋಬರಿನಲ್ಲಿಯೇ ಹಿಂದೆ ಸರಿದರು. ಅವರು ಸಾಮಾನ್ಯರಲ್ಲ. ದಂತವೈದ್ಯೆ, 2013ರಲ್ಲಿ ವಿಶ್ವಕಪ್ಪಿನ ಅಂತಿಮ ಕೂಟದಲ್ಲಿ 10 ಮೀಟರ್ ಏರ್ ಪಿಸ್ತೂಲಿನ ಚಿನ್ನ ಗೆದ್ದವರು, 2014ರಲ್ಲಿ ಆ ವಿಭಾಗದಲ್ಲಿ ಜಗತ್ತಿಗೇ ಮೊದಲನೆಯ ಸ್ಥಾನದಲ್ಲಿದ್ದವರು. ಇರಾನಿನ ಜನರ ನಂಬಿಕೆಯನ್ನು ತಾವು ಗೌರವಿಸುವುದಾಗಿಯೂ, ಆದರೆ ಆಟಕ್ಕೆ ಬಂದ ಪರದೇಶದವರ ಮೇಲೆ ಅದನ್ನು ಹೇರುವುದು ಕ್ರೀಡಾಧರ್ಮಕ್ಕೆ ಒಪ್ಪುವುದಲ್ಲವೆಂದೂ ಅವರ ನಿಲುವು. ತಂಡದ ಉಳಿದವರಿಂದ ಆಕ್ಷೇಪಣೆ ಬಂದಿಲ್ಲವೆಂದು ರೈಫಲ್ ಸಂಘದವರು ಹೇಳಿದರು. ಎರಡು ವರ್ಷಗಳ ತರುವಾಯ ಚದುರಂಗದ ಸೌಮ್ಯಾ ಸ್ವಾಮಿನಾಥನ್ ಅವರೂ ಇರಾನಿನ ಒಂದು ಪಂದ್ಯಾವಳಿಯಿಂದ ಇದೇ ಕಾರಣಕ್ಕಾಗಿ ದೂರ ಉಳಿದರು.

ಆಗ ಕೆಲವರು ಕೇಳಿದ ಪ್ರಶ್ನೆ ನ್ಯಾಯವಾದುದೇ. “ಅತಿಥಿಯಾಗಿ ಹೋದವರು ಮನೆಯವರ ರೂಢಿಯನ್ನು ಪಾಲಿಸಬೇಡವೇ? ಗುಡಿಗೆ ಹೋದರೆ ಚಪ್ಪಲಿ ಹೊರಗೆ ಬಿಡುವುದಿಲ್ಲವೇ? ಗುರುದ್ವಾರದಲ್ಲಿ ತಲೆಗೆ ವಸ್ತ್ರ ಹಾಕಿಕೊಳ್ಳುವುದಿಲ್ಲವೇ?” ಹೌದು. ಆದರೆ ಸೂಕ್ಷ್ಮವಾಗಿ ನೋಡಿದರೆ ಎರಡಕ್ಕೂ ವ್ಯತ್ಯಾಸವಿದೆ. ಗುಡಿಯ ಬಾಗಿಲಲ್ಲಿ ಗಂಡೂ ಚಪ್ಪಲಿ ಬಿಡುತ್ತಾನೆ, ಹೆಣ್ಣೂ ಬಿಡುತ್ತಾಳೆ. ಗುರುದ್ವಾರದಲ್ಲಿ ಇಬ್ಬರ ತಲೆಯ ಮೇಲೂ ವಸ್ತ್ರ. ತೆಹರಾನಿನ ಕಟ್ಟಳೆ ಹೆಂಗಸರ ತಲೆಯನ್ನು ಮಾತ್ರ ಹುಡುಕಿಕೊಂಡು ಬಂದಿತು. ಇದಲ್ಲದೆ ಏಷ್ಯದ ಚಾಂಪಿಯನ್‌ಶಿಪ್ ಏಷ್ಯಕ್ಕೆಲ್ಲ ಸೇರಿದ್ದು; ಅಂಗಳ ಒಬ್ಬರದಾದರೂ ಜಾತ್ರೆ ಊರಿನದು. ಅಲ್ಲಿಗೆ ಹೋಗದಿದ್ದರೆ ಗುರಿಕಾರ್ತಿಗೆ ಒಂದು ವರ್ಷದ ದುಡಿಮೆ, ಪದಕದ ಅವಕಾಶ ಎರಡೂ ನಷ್ಟ. ಆ ನಷ್ಟವನ್ನು ಹೀನಾ ಸಿಧು ತಾವೇ ಹೊತ್ತರು, ಬೇರೆಯವರನ್ನು ಹೊರಿರೆಂದು ಕರೆಯಲಿಲ್ಲ. ಅವರ ನಿಲುವಿಗೆ ತೂಕ ಬಂದುದು ಇದರಿಂದಲೇ ಎಂದು ನಾವು ಎಣಿಸುತ್ತೇವೆ.

ಇದೇ ಕಥೆಗೆ ಇನ್ನೊಂದು ಮುಖವುಂಟು. ಕ್ರಾಂತಿಯ ತರುವಾಯ ಇರಾನಿನಿಂದ ಒಲಿಂಪಿಕ್ ಕೂಟಕ್ಕೆ ಹೋದ ಮೊದಲ ಹೆಂಗಸು ಗುರಿಕಾರ್ತಿಯೇ ಆಗಿದ್ದರು. ಲಿಡಾ ಫರೀಮಾನ್ ಎಂಬ ಆಕೆ 1996ರ ಅಟ್ಲಾಂಟಾ ಕೂಟದಲ್ಲಿ ತಲೆವಸ್ತ್ರ ಧರಿಸಿ ತನ್ನ ದೇಶದ ಧ್ವಜ ಹಿಡಿದು ನಡೆದರು. ಮೈಯೆಲ್ಲ ಮುಚ್ಚುವ ದಪ್ಪ ಅಂಗಿ ಈ ಆಟದ ಸಹಜ ಉಡುಪಾದುದರಿಂದ, ಓಟ-ಈಜುಗಳ ಬಾಗಿಲು ಮುಚ್ಚಿದ್ದ ಹೆಂಗಸರಿಗೆ ಗುರಿ ಹೊಡೆಯುವ ಕಣದ ಬಾಗಿಲು ತೆರೆದುಕೊಂಡಿತು. ಇಲಾಹೆ ಅಹಮದಿ ಎಂಬಾಕೆ 2012ರ ಲಂಡನ್ ಕೂಟದ ಅಂತಿಮ ಸುತ್ತನ್ನು ಮುಟ್ಟಿದರು. ಅದೇ ಲಂಡನ್ ಕೂಟದಲ್ಲಿ ಮಲೇಷಿಯದ ನೂರ್ ಸೂರ್ಯಾನಿ ತಾಯ್ಬಿ ಎಂಬ ಸೋದರಿ ಎಂಟು ತಿಂಗಳ ಗರ್ಭಿಣಿಯಾಗಿ ರೈಫಲ್ ಹಿಡಿದು ನಿಂತರೆಂಬುದನ್ನು ಕೇಳಿದರೆ ನಮ್ಮ ಅಜ್ಜಿಯರು ಮೂಗಿನ ಮೇಲೆ ಬೆರಳಿಟ್ಟಾರು! ತಲೆವಸ್ತ್ರವು ಗುರಿಗೆ ಅಡ್ಡಿಯಲ್ಲ, ಅಂಕಕ್ಕೆ ಕುಂದಲ್ಲ. ಆದುದರಿಂದ ಪ್ರಶ್ನೆ ವಸ್ತ್ರದ್ದಲ್ಲ.

ಪ್ರಶ್ನೆ ವಸ್ತ್ರದ್ದಲ್ಲವೆಂಬುದಕ್ಕೆ ಪಶ್ಚಿಮದ ಕಡೆಯಿಂದಲೂ ಸಾಕ್ಷಿಯುಂಟು. 2011ರಲ್ಲಿ ಬ್ಯಾಡ್ಮಿಂಟನ್ ಆಟದ ಜಾಗತಿಕ ಸಂಸ್ಥೆಯವರು, ದೊಡ್ಡ ಪಂದ್ಯಾವಳಿಗಳಲ್ಲಿ ಹೆಂಗಸರು ಸ್ಕರ್ಟ್ ತೊಟ್ಟೇ ಆಡಬೇಕೆಂದು ವಿಧಿಸಹೊರಟರು. ಆಟ ಆಕರ್ಷಕವಾಗಬೇಕಂತೆ! ಆಟಗಾರ್ತಿಯರು ಸಿಟ್ಟಾದರು, ಮಾರನೆಯ ವರ್ಷ ಆ ವಿಚಾರವನ್ನು ಕೈಬಿಡಬೇಕಾಯಿತು. 2021ರಲ್ಲಿ ನಾರ್ವೆ ದೇಶದ ಬೀಚ್ ಹ್ಯಾಂಡ್‌ಬಾಲ್ ತಂಡದ ಹೆಂಗಸರು ಕಿರಿದಾದ ಒಳಚಡ್ಡಿಯಂಥ ಉಡುಪಿನ ಬದಲು ಚೊಣ್ಣ ತೊಟ್ಟರೆಂದು 1500 ಯೂರೋ ದಂಡ ತೆರಬೇಕಾಯಿತು. ಜಗತ್ತೇ ಛೀಮಾರಿ ಹಾಕಿದ ಮೇಲೆ ಆ ನಿಯಮವೂ ಬದಲಾಯಿತು. ಒಂದು ಕಡೆ ‘ಮುಚ್ಚಿಕೋ’ ಎಂದರು, ಇನ್ನೊಂದು ಕಡೆ ‘ತೆರೆದಿಡು’ ಎಂದರು. ಎರಡೂ ಕಡೆ ಆಕೆಯನ್ನು ಕೇಳಿದವರಿಲ್ಲ.

ಕೇಳದೆ ಹೊದಿಸಿದ ವಸ್ತ್ರಕ್ಕೂ ತಾನೇ ಹೊದ್ದ ವಸ್ತ್ರಕ್ಕೂ ಇರುವ ಅಂತರವನ್ನು ಉತ್ತರ ಪ್ರದೇಶದ ಒಬ್ಬ ಅಜ್ಜಿ ತೋರಿಸಿಕೊಟ್ಟಿದ್ದಾರೆ. ಬಾಗಪತ್ ಜಿಲ್ಲೆಯ ಜೋಹ್ರಿ ಗ್ರಾಮದ ಚಂದ್ರೋ ತೋಮರ್ ಅವರು 1999ರಲ್ಲಿ, ಅರುವತ್ತೈದು ದಾಟಿದ ವಯಸ್ಸಿನಲ್ಲಿ, ಮೊಮ್ಮಗಳನ್ನು ಗುರಿ ಕಲಿಯಲು ಕರೆದುಕೊಂಡು ಹೋಗಿ, ತಾವೇ ಪಿಸ್ತೂಲು ಎತ್ತಿ ಗುರಿ ಹೊಡೆದರು. ಅವರ ಓರಗಿತ್ತಿ ಪ್ರಕಾಶಿ ತೋಮರರೂ ಜೊತೆಗೂಡಿದರು. ಘಾಗ್ರಾ ತೊಟ್ಟು, ತಲೆಯ ಮೇಲೆ ದುಪಟ್ಟಾ ಹೊದ್ದು, ಈ ಇಬ್ಬರು ಅಜ್ಜಿಯರು ಹಿರಿಯರ ಸ್ಪರ್ಧೆಗಳಲ್ಲಿ ಪದಕದ ಮೇಲೆ ಪದಕ ಗೆದ್ದು ತಂದರು. 2021ರಲ್ಲಿ ಚಂದ್ರೋ ಅವರು ತೀರಿಕೊಂಡಾಗ ದೇಶವೇ ಮರುಗಿತು. ಅವರ ತಲೆಯ ಮೇಲಿನ ವಸ್ತ್ರವನ್ನು ತೆಗೆಯೆಂದು ಯಾವ ತರಬೇತುದಾರನೂ ಹೇಳಲಿಲ್ಲ. ಹೇಳಿದ್ದರೆ ಬಹುಶಃ ಅವರು ಪಿಸ್ತೂಲನ್ನೇ ಕೆಳಗಿಟ್ಟು ಮನೆಗೆ ನಡೆದುಬಿಡುತ್ತಿದ್ದರು. ಹೀನಾ ಸಿಧು ವಸ್ತ್ರ ಹೊದೆಯಲೊಲ್ಲದೆ ಕಣದಿಂದ ಹಿಂದೆ ಸರಿದರು, ಚಂದ್ರೋ ವಸ್ತ್ರ ಹೊದ್ದೇ ಕಣಕ್ಕಿಳಿದರು. ಮೇಲುನೋಟಕ್ಕೆ ಇಬ್ಬರದೂ ಎದುರುಬದುರು ದಾರಿ. ಆದರೆ ತನ್ನ ತಲೆಯ ಮೇಲಿನ ವಸ್ತ್ರದ ಮಾತು ತನ್ನದೆಂಬಲ್ಲಿ ಇಬ್ಬರೂ ಒಂದೇ.

ಇಳಕಲ್ ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದು, ಖಣದ ಕುಪ್ಪಸ ತೊಟ್ಟು ಘಟಪ್ರಭೆಯ ದಂಡೆಯಲ್ಲಿ ಬಾಳಿದ ನಮ್ಮ ತಾಯಂದಿರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಹಿರಿಯರೆದುರು ತಾವಾಗಿ ಎಳೆದುಕೊಂಡ ಸೆರಗಿನಲ್ಲಿ ಗೌರವವಿದೆ. ‘ಎಳಕೋ’ ಎಂದು ಗದರಿಸಿದಾಗ ಎಳೆದುಕೊಂಡ ಸೆರಗಿನಲ್ಲಿ ಅಂಜಿಕೆ ಮಾತ್ರ ಇದೆ. ಬಟ್ಟೆ ಅದೇ, ನೆರಿಗೆ ಅದೇ, ಒಳಗಿನದು ಬೇರೆ.

ಇನ್ನು ನಮ್ಮ ಮನೆಗಳ ಮಾತಿಗೆ ಬರೋಣ. ಮಗಳು ಗುರಿ ಕಲಿಯುತ್ತೇನೆಂದರೆ ತಂದೆತಾಯಿಗಳಿಗೆ ನಮ್ಮ ಬಿನ್ನಹವಿಷ್ಟು. ಮೊದಲನೆಯದಾಗಿ, ಉಡುಪಿನ ಖರ್ಚಿಗೆ ಹೆದರಬೇಡಿರಿ. ರೈಫಲಿನ ಅಂಗಿ ಮೈಯ ಅಳತೆಗೆ ಹೊಲಿಸುವಂಥದು. ಬೆಳೆಯುವ ಮಕ್ಕಳಿಗೆ ಅದು ಬೇಗ ಗಿಡ್ಡವಾಗುತ್ತದೆ. ಆರಂಭದಲ್ಲಿಯೇ ಅದನ್ನು ಕೊಳ್ಳುವ ಅವಸರ ಬೇಡ. ಕ್ಲಬ್ಬಿನಲ್ಲಿ ಹಿರಿಯ ಆಟಗಾರರು ಬಿಟ್ಟ ಅಂಗಿ ಇದ್ದರೆ ಅದರಲ್ಲಿ ಕಲಿಯಲಿ. ಇಲ್ಲವಾದರೆ ಪಿಸ್ತೂಲಿನಿಂದ ಮೊದಲು ಮಾಡಲಿ. ಅದಕ್ಕೆ ಸಾದಾ ಷರಾಯಿ, ತೋಳಿರುವ ಅಂಗಿ, ತಗ್ಗು ಬೂಟು ಸಾಕು. ಎರಡನೆಯದಾಗಿ, ಮನೆಯಿಂದ ಹೊರಡುವಾಗ ಸಲವಾರ್-ಕಮೀಜಿನಲ್ಲಿ ಹೊರಟು ಅಲ್ಲಿ ಬದಲಿಸಿಕೊಳ್ಳುವುದಾದರೆ ಅದೂ ಸರಿಯೇ. ಆದರೆ ಬಟ್ಟೆ ಬದಲಿಸಲು ಹೆಣ್ಣುಮಕ್ಕಳಿಗೆ ಬಾಗಿಲು ಭದ್ರವಾದ ಕೋಣೆಯಿದೆಯೇ ಎಂದು ತರಬೇತಿಯವರನ್ನು ಕೇಳಲು ಸಂಕೋಚಪಡಬೇಡಿರಿ. ‘ಏನು ಹಾಕಿಕೋಬೇಕು’ ಎಂದು ಹತ್ತು ಸಲ ಕೇಳುವ ನಾವು ‘ಎಲ್ಲಿ ಬದಲಿಸಬೇಕು’ ಎಂದು ಒಮ್ಮೆಯೂ ಕೇಳುವುದಿಲ್ಲ. ಎಷ್ಟೋ ಹುಡುಗಿಯರು ಆಟ ಬಿಡುವುದು ಹೊರಗೆ ಹೇಳಿಕೊಳ್ಳಲಾಗದ ಈ ಕಾರಣಕ್ಕಾಗಿ.

ಮೂರನೆಯದಾಗಿ, ಯಾವ ಉಡುಪಿನ ನಿಯಮ ಎದುರಾದರೂ ಅದಕ್ಕೆ ಮೂರು ಪ್ರಶ್ನೆ ಹಾಕಿರಿ. ಇದರ ಕಾರಣ ಆಟದ ಒಳಗಿದೆಯೇ, ಹೊರಗಿದೆಯೇ? ಇದು ಗಂಡುಮಕ್ಕಳಿಗೂ ಇದೆಯೇ? ಇದನ್ನು ಅಳತೆಗೋಲಿನಿಂದ ಅಳೆಯುತ್ತಾರೆಯೇ, ನೋಡುವವರ ಕಣ್ಣಿನಿಂದಲೇ? ಅಂಗಿಯ ಐದು ಮಿಲಿಮೀಟರ್ ಈ ಮೂರು ಪ್ರಶ್ನೆಗಳನ್ನೂ ದಾಟುತ್ತದೆ. ಬಲಗೈಯ ಬಳೆಯ ನಿಯಮವೂ ದಾಟುತ್ತದೆ. ತೆಹರಾನಿನ ಕಟ್ಟಳೆ ದಾಟುವುದಿಲ್ಲ, ಬ್ಯಾಡ್ಮಿಂಟನ್ನಿನ ಸ್ಕರ್ಟೂ ದಾಟುವುದಿಲ್ಲ. ನಮ್ಮ ಓಣಿಯ ‘ನಾಲ್ಕು ಮಂದಿ ಏನೆಂದಾರು’ ಎಂಬ ಕಟ್ಟಳೆಯನ್ನೂ ಇದೇ ತಕ್ಕಡಿಯಲ್ಲಿಟ್ಟು ತೂಗಿ ನೋಡಿರಿ. ಆ ನಾಲ್ಕು ಮಂದಿಯಲ್ಲಿ ಒಬ್ಬರಾಗಿ ನಾವೂ ಬೇರೆಯವರ ಮಗಳ ಬಟ್ಟೆಯ ಮೇಲೆ ಮಾತಾಡಿದ್ದುಂಟೇ ಎಂಬುದು ಅವರವರಿಗೇ ಗೊತ್ತು.

ಪ್ಯಾರಿಸ್ ಕೂಟದಲ್ಲಿ ಟರ್ಕಿ ದೇಶದ ಯೂಸುಫ್ ದಿಕೇಚ್ ಎಂಬ ನಡುವಯಸ್ಸಿನ ಗೃಹಸ್ಥರು ಸಾದಾ ಬನಿಯನಿನಂಥ ಅಂಗಿ ತೊಟ್ಟು, ನಿತ್ಯದ ಕನ್ನಡಕ ಹಾಕಿ, ಒಂದು ಕೈ ಜೇಬಿನಲ್ಲಿಟ್ಟುಕೊಂಡು ಪಿಸ್ತೂಲು ಹೊಡೆದು, ಜೊತೆಗಾತಿಯೊಡನೆ ಬೆಳ್ಳಿ ಗೆದ್ದರು. ಅದೇ ಸ್ಪರ್ಧೆಯಲ್ಲಿ ನಮ್ಮ ಮನು ಭಾಕರ್, ಸರಬ್‌ಜೋತ್ ಸಿಂಗ್ ಜೋಡಿ ಕಂಚು ಗೆದ್ದಿತು. ದಿಕೇಚರ ಸಾದಾ ಅಂಗಿಯನ್ನು ಕಂಡು ಜಗತ್ತು ಚಪ್ಪಾಳೆ ತಟ್ಟಿತು. ಗೋಕಾಕದ ಹುಡುಗಿಯೊಬ್ಬಳು ನಾಳೆ ಹಾಗೆಯೇ ನಿಂತಾಗ ಆಕೆಯ ಅಂಗಿಯನ್ನು ಬಿಟ್ಟು ಆಕೆಯ ಗುರಿಯನ್ನು ನೋಡುವಷ್ಟು ಸೌಜನ್ಯವನ್ನು ನಾವು ಈಗಿನಿಂದಲೇ ಅಭ್ಯಾಸಮಾಡಿಕೊಳ್ಳಬೇಕು. ಅರ್ಧ ಮಿಲಿಮೀಟರಿನ ಚುಕ್ಕೆಯನ್ನು ಹೊಡೆಯುವುದಕ್ಕೆ ಆಕೆ ವರ್ಷಗಟ್ಟಲೆ ಕಣ್ಣನ್ನು ಪಳಗಿಸಬೇಕು. ನಮ್ಮ ಕಣ್ಣನ್ನು ಪಳಗಿಸಿಕೊಳ್ಳುವುದು ಅಷ್ಟು ಕಷ್ಟದ ಕೆಲಸವೇನಲ್ಲ.